ಸಟ್ಟುಗದ ಒಂದು ಪೆಟ್ಟು

ಜನವರಿ ಹದಿನಾರು, ಶುಕ್ರವಾರ. ವಡೋದರಾದಲ್ಲಿ ಬೆಳಿಗ್ಗೆ ಹದಿಮೂರು ಡಿಗ್ರಿ, ಆಕಾಶ ಸ್ವಚ್ಛ, ಉತ್ತರದಿಂದ ಒಣ ಗಾಳಿ. ಉತ್ತರಾಯಣ ಮುಗಿದು ಎರಡು ದಿನವಾದರೂ ಫತೇಗಂಜಿನ ಮರಗಳು ತಾವು ಹಿಡಿದ ಗಾಳಿಪಟಗಳನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ನಮ್ಮ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಹೇಳಬೇಕಾದ ಒಂದು ಪುಟ್ಟ ಪದವನ್ನು ಯಾರೋ ಹೇಳುವುದಿಲ್ಲ, ಇನ್ಯಾರೋ ಬೇಡದ ಕಡೆ ಹೇಳಿಬಿಡುತ್ತಾರೆ, ಮತ್ತೊಬ್ಬರು ಹೇಳಿದ್ದನ್ನು ಕೇಳಿಯೂ ಎತ್ತಿಡುವುದಿಲ್ಲ. ಅಷ್ಟಕ್ಕೇ ಒಂದು ಲೋಕ ನಿಂತುಹೋಗುತ್ತದೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ ಸುಮ್ಮನೆ ನಿಂತು ನೋಡುತ್ತೇನೆ.

ನನ್ನ ಬಗ್ಗೆ ನಾಲ್ಕು ಸಾಲು ಸಾಕು. ಧಾರವಾಡದ ಕಡೆಯವನು. ಅಹಮದಾಬಾದಿನ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷ, ಉಪಗ್ರಹದಿಂದ ಸಂಕೇತ ಬಂತೇ ಎಂದು ಕಾಯುವ ಪ್ರೋಗ್ರಾಮುಗಳನ್ನು ಬರೆದೆ. ಹೆಂಡತಿಗೆ ವಡೋದರಾಕ್ಕೆ ವರ್ಗವಾದಾಗ ಸ್ವಯಂ ನಿವೃತ್ತಿ ಪಡೆದು ಜೊತೆಗೆ ಬಂದೆ. ಎರಡು ತಿಂಗಳು ಮನೆಯಲ್ಲಿ ಕೂತು ಪುಸ್ತಕ ಓದಿದೆ. ಮೂರನೇ ತಿಂಗಳು ಹೆಂಡತಿ, "ಓದ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನೀವು ಮನ್ಯಾಗ ಇದ್ದೀರೋ ಇಲ್ಲೋ ಅಂತ ನಾನು ದಿನಾ ಹುಡುಕಬೇಕಾಗ್ಯದ" ಅಂದಳು. ಗೋರ್ವಾದಲ್ಲಿ ಒಂದು ಬೇರಿಂಗ್ ಅಂಗಡಿಯ ಮೇಲೆ, ಕಂಪ್ಯೂಟರ್ ಆಟಗಳನ್ನು ಮಾಡುವ ಸಣ್ಣ ಆಫೀಸಿತ್ತು. ಅಲ್ಲಿ ಸೇರಿದೆ. ನಾವು ಒಟ್ಟು ಆರು ಜನ. ಉಳಿದ ಐವರಿಗೆ ನಾನು ಕಾಕಾ.

ಕಳೆದ ನವೆಂಬರಿನಲ್ಲಿ ಸೂರತ್ತಿನ ಒಬ್ಬ ಸೀರೆ ವ್ಯಾಪಾರಿ ನಮಗೊಂದು ಕೆಲಸ ಕೊಟ್ಟ. ಅಮ್ಮಂದಿರು ಸೀರೆ ಆರಿಸುವಷ್ಟು ಹೊತ್ತು ಮಕ್ಕಳು ಗೋಳಾಡಬಾರದು, ಅದಕ್ಕೆ ಅಂಗಡಿಯ ಮೂಲೆಯಲ್ಲಿ ದೊಡ್ಡ ಪರದೆ, ಪರದೆಯ ಮೇಲೆ ಗಾಳಿಪಟದ ಆಟ. ಉತ್ತರಾಯಣದ ಹಿಂದಿನ ದಿನ ಶುರುವಾಗಬೇಕು. ಚೆನ್ನಾಗಿ ನಡೆದರೆ ಅವನ ಉಳಿದ ಅಂಗಡಿಗಳಿಗೂ ನಮ್ಮದೇ ಆಟ. ನಮ್ಮ ಬಾಸ್, ಮೂವತ್ತು ದಾಟದ ಗುಜರಾತಿ ಹುಡುಗ, ಅವತ್ತೇ ಎಲ್ಲರನ್ನೂ ಕರೆದು ಹೇಳಿದ: "ಸೂರತ್ ಆದರೆ ನಾವಿದ್ದೇವೆ. ಆಗದಿದ್ದರೆ ಫೆಬ್ರವರಿಯಿಂದ ಈ ಕೋಣೆ ಕೆಳಗಿನವರ ಗೋಡೌನು." ಕೆಳಗಿನ ಬೇರಿಂಗ್ ಅಂಗಡಿಯವನು ಅಷ್ಟರಲ್ಲೇ ಟೇಪು ಹಿಡಿದು ಎರಡು ಗೋಡೆ ಅಳೆದುಕೊಂಡು ಹೋಗಿದ್ದ.

ಈ ಕಥೆಯೆಲ್ಲ ಹೊರಗೆ ಬಂದದ್ದು ಫತೇಗಂಜಿನ ಹೋಟೆಲ್ ಯಜಮಾನರಿಂದ. ಕುಂದಾಪುರದ ಕಡೆಯವರು. ನಾನಾಗಿ ಮಾತಾಡುವವನಲ್ಲ. ಅವರು ಎದುರು ಕೂತು, ಬಾವಿಯಿಂದ ಕೊಡ ಎಳೆಯುವ ಹಾಗೆ ಎಳೆಯುತ್ತಾರೆ. ಅವತ್ತು ಆಟೋದಿಂದ ಎರಡು ದೊಡ್ಡ ಗಂಟು ಇಳಿಸಿಕೊಂಡು ಒಳಗೆ ಬಂದೆ. ಗಂಟುಗಳನ್ನು ಕುರ್ಚಿಯ ಪಕ್ಕ ಇಟ್ಟೆ.

"ಎಂತ ಮಾರಾಯ್ರೆ, ಮನೆ ಬಿಟ್ರಾ?"

"ಇಲ್ರಿ."

"ಸೂರತ್ತಿಂದು ಎಂತಾಯ್ತು? ಕಡೆಗೆ ಎಂತ ಕೊಟ್ರು?"

"ಹೇಳ್ತೀನ್ರಿ. ಮೊದಲಿಂದ ಹೇಳಬೇಕಾಗ್ತದ."

"ನೀವು ಮೊದಲಿಂದ ಹೇಳೋದು ಅಂದ್ರೆ ನಂಗೆ ಇನ್ನೊಂದು ಕಾಫಿ ಬೇಕು" ಎಂದು ಅವರು ಕುರ್ಚಿ ಎಳೆದುಕೊಂಡರು.

೧. ಕಲ್ಲು ಹೇಳಿದ ಉತ್ತರ

ಮೊದಲು ಅಂದರೆ ಅವರದೇ ಹೋಟೆಲು. ಅದನ್ನು ಅವರಿಗೇ ಹೇಳಬೇಕಾಯಿತು.

ಅವರ ತಂದೆ ಹೋಟೆಲ್ ತೆರೆದಾಗ ಅಡುಗೆಯವರಿಗೆ ತುಳು ಮಾತ್ರ ಬರುತ್ತಿತ್ತು, ಸಪ್ಲೈಯರಿಗೆ ಗುಜರಾತಿ ಮಾತ್ರ. ದೋಸೆಗೆ ಎಲ್ಲ ಭಾಷೆಯಲ್ಲೂ ದೋಸೆಯೇ, ಹಾಗಾಗಿ ಕೂಗುವುದಕ್ಕೆ ತೊಂದರೆಯಿಲ್ಲ. ತೊಂದರೆ ಇದ್ದದ್ದು ಉತ್ತರಕ್ಕೆ. ಆಗ ತಂದೆಯವರು ಒಂದು ಕ್ರಮ ಮಾಡಿದರು. ಸಪ್ಲೈಯರ್ ಕಿಂಡಿಯಲ್ಲಿ ಕೂಗಬೇಕು. ಅಡುಗೆಯವರು ದೋಸೆಕಲ್ಲಿನ ಮೇಲೆ ಸಟ್ಟುಗದಿಂದ ಒಂದು ಪೆಟ್ಟು ಹಾಕಿದರೆ, 'ಆಯ್ತು, ಇದು ನನ್ನದು.' ಎರಡು ಪೆಟ್ಟು ಹಾಕಿದರೆ, 'ಕೇಳಿಸಿತು, ನನ್ನದಲ್ಲ, ಮುಂದಿನವರಿಗೆ ಹೇಳು.' ಏನೂ ಇಲ್ಲದಿದ್ದರೆ ಮತ್ತೆ ಕೂಗು. ಭಾಷೆ ಕಲಿತವರು ಬಂದಮೇಲೂ ಕ್ರಮ ಹಾಗೇ ಉಳಿಯಿತು. ಈಗಿನ ಅಡುಗೆಯವರು ಕಾರ್ಕಳದ ಕಡೆಯವರು, ತೆಳ್ಳಗೆ, ಎತ್ತರ. ಅವರ ಧ್ವನಿ ಕೇಳಿದವರು ಕಡಿಮೆ, ಸಟ್ಟುಗ ಕೇಳದವರಿಲ್ಲ.

ನಾನು ಇದನ್ನು ಮೊದಲ ಸಲ ಗಮನಿಸಿದ ದಿನ ಕಾಫಿ ಆರಿಹೋಯಿತು. ಆಟ ಬರೆಯುವವರು ದಿನಾ ಮಾಡುವುದು ಇದನ್ನೇ. ಆಟದಲ್ಲಿ ಏನಾದರೂ ನಡೆದಾಗ ಹೇಳಲಿ ಎಂದು ನಾವು ಒಂದೊಂದು ಘಟನೆಗೂ ಕಾವಲುಗಾರರನ್ನು, ಅಂದರೆ ಪ್ರೋಗ್ರಾಮಿನ ಸಣ್ಣ ತುಣುಕುಗಳನ್ನು, ಕೂರಿಸುತ್ತೇವೆ. ಪಟ ಕತ್ತರಿಸಿಹೋಯಿತೋ, ಕಾವಲುಗಾರರನ್ನು ಸಾಲಾಗಿ ಒಬ್ಬೊಬ್ಬರನ್ನೇ ಎಬ್ಬಿಸಲಾಗುತ್ತದೆ. ಪ್ರತಿಯೊಬ್ಬನೂ ತನ್ನ ಕೆಲಸ ಮಾಡಿ ಕೊನೆಗೆ ಒಂದು ಉತ್ತರ ಹಿಂದಿರುಗಿಸಬೇಕು. 'ಟ್ರೂ' ಅಂದರೆ, ನಾನು ನೋಡಿಕೊಂಡೆ, ಇನ್ಯಾರನ್ನೂ ಎಬ್ಬಿಸಬೇಡಿ. 'ಫಾಲ್ಸ್' ಅಂದರೆ, ನೋಡಿದೆ, ಮುಂದಿನವನಿಗೂ ಹೇಳಿ. ನಾನು ಇಪ್ಪತ್ತೆರಡು ವರ್ಷದಲ್ಲಿ ಕಲಿತದ್ದನ್ನು ಒಬ್ಬ ಹೋಟೆಲಿನವರು ಒಂದು ಸಟ್ಟುಗದಲ್ಲಿ ಮುಗಿಸಿದ್ದರು.

ಆದರೆ ಉತ್ತರ ಯಾರು ಕೊಟ್ಟದ್ದು ಅನ್ನುವುದೂ ಮುಖ್ಯ. ಒಂದು ಭಾನುವಾರ ಯೂನಿವರ್ಸಿಟಿಯ ಹುಡುಗರು ಗುಂಪುಗುಂಪಾಗಿ ಬಂದರು. ಸಪ್ಲೈಯರ್ ಒಂದೇ ಸಮನೆ ಕೂಗಿದ. ಪ್ರತಿ ಕೂಗಿಗೂ ಒಳಗಿನಿಂದ ಠಣ್ ಎಂದು ಒಂದು ಪೆಟ್ಟು. ಹತ್ತೊಂಬತ್ತು ಆರ್ಡರು, ಹತ್ತೊಂಬತ್ತು ಪೆಟ್ಟು. ಅರ್ಧ ಗಂಟೆಯಾದರೂ ಒಂದು ದೋಸೆ ಬರಲಿಲ್ಲ. ಹುಡುಗರು ಚಮಚದಲ್ಲಿ ಮೇಜು ಬಡಿಯತೊಡಗಿದರು. ಯಜಮಾನರು ಒಳಗೆ ಹೋಗಿ ನೋಡಿದರೆ ಒಲೆ ಆರಿದೆ. ಗ್ಯಾಸ್ ಮುಗಿದು ಹೊಸ ಸಿಲಿಂಡರ್ ಬರಬೇಕಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡ ಅಡುಗೆಯವರು ಆ ಬಿಡುವಿನಲ್ಲಿ ಕಲ್ಲಿಗೆ ಅಂಟಿದ ಸೀಕಲನ್ನು ಸಟ್ಟುಗದಿಂದ ನಿಧಾನವಾಗಿ ಬಡಿದು ಬಿಡಿಸುತ್ತಿದ್ದಾರೆ.

"ಹತ್ತೊಂಬತ್ತು ಆರ್ಡರಿಗೆ ಒಪ್ಪಿದಿರಲ್ಲ?" ಎಂದರು ಯಜಮಾನರು.

ಅಡುಗೆಯವರು ಕಿವಿಯ ಹತ್ತಿ ತೆಗೆದು, ಸಟ್ಟುಗ ನೋಡಿ, ಕಲ್ಲು ನೋಡಿ, ಹೇಳಿದರು: "ನಾನು ಎಂತದೂ ಹೇಳ್ಲಿಲ್ಲ. ಕಲ್ಲು ಹೇಳಿದ್ದು."

೨. ಮುನ್ನೂರು ಪಟ

ನಮ್ಮ ಆಟದಲ್ಲಿ ಪಟ ಕತ್ತರಿಸಿಹೋದಾಗ ನಾಲ್ವರು ಕಾವಲುಗಾರರು ಸಾಲಾಗಿ ಏಳಬೇಕು. ಮೊದಲನೆಯವನು 'ಕಾಪ್ಯೋ' ಎಂದು, ಅಂದರೆ ಗುಜರಾತಿಯಲ್ಲಿ 'ಕತ್ತರಿಸಿದೆ' ಎಂದು ಕೂಗುತ್ತಾನೆ. ಎರಡನೆಯವನು ಪಟವನ್ನು ಕೆಳಗೆ ಬೀಳಿಸುತ್ತಾನೆ. ಮೂರನೆಯವನು ಅದನ್ನು ಹಿಡಿಯಲು ಓಣಿಯ ಮಕ್ಕಳನ್ನು ಓಡಿಸುತ್ತಾನೆ. ನಾಲ್ಕನೆಯವನು ಅಂಕ ಬರೆಯುತ್ತಾನೆ.

ಕೂಗುವವನನ್ನು ಬರೆದದ್ದು ನಮ್ಮ ಆಫೀಸಿನ ಕಿರಿಯ ಹುಡುಗಿ. ಕನ್ನಡದವಳೇ, ಹುಟ್ಟಿ ಬೆಳೆದದ್ದು ಅಹಮದಾಬಾದಿನಲ್ಲಿ. ನನ್ನ ಹತ್ತಿರ ಕಷ್ಟಪಟ್ಟು ಕನ್ನಡ ಮಾತಾಡುತ್ತಾಳೆ. ಒಂದು ಸಂಜೆ ಅವಳು ಬಂದು, "ಕಾಕಾ, ಸ್ವಲ್ಪ ನೋಡಕ್ಕೆ ಬರ್ತೀರಾ? ಆಕಾಶ ಫುಲ್ ಆಗಿದೆ" ಅಂದಳು.

ಹೋಗಿ ನೋಡಿದೆ. ಆಟವನ್ನು ಬೆಳಿಗ್ಗೆಯಿಂದ ತಾನಾಗಿ ಆಡಲು ಬಿಟ್ಟಿದ್ದರು. ಪರದೆಯ ಮೇಲೆ ಅಹಮದಾಬಾದಿನ ಹಳೆಯ ಓಣಿಗಳ ಮೇಲಿನ ಸಂಜೆ. ಆ ಹೊಂಬಣ್ಣದಲ್ಲಿ ಮುನ್ನೂರಕ್ಕೂ ಹೆಚ್ಚು ಪಟಗಳು, ಎಲ್ಲವೂ ಕತ್ತರಿಸಿಹೋದವು, ಒಂದೂ ಬಿದ್ದಿಲ್ಲ. ಕಡಿದ ದಾರ ಇಳಿಬಿಟ್ಟುಕೊಂಡು, ಅಲುಗದೆ, ನಿಂತಲ್ಲೇ ನಿಂತಿವೆ. ಇನ್ನೊಂದು ಕತ್ತರಿಸಿಹೋಯಿತು. 'ಕಾಪ್ಯೋ' ಎಂಬ ಕೂಗು. ಅದೂ ಅಲ್ಲೇ ನಿಂತಿತು.

ಒಬ್ಬೊಬ್ಬರಾಗಿ ಎಲ್ಲರೂ ಬಂದು ನನ್ನ ಹಿಂದೆ ನಿಂತರು. ಬೇಕೆಂದು ಮಾಡಿದ್ದರೆ ಇಷ್ಟು ಚೆಂದ ಬರುತ್ತಿರಲಿಲ್ಲ. ಮೂರನೇ ಗೋಡೆ ಅಳೆಯಲು ಬಂದ ಬೇರಿಂಗ್ ಅಂಗಡಿಯವನೂ ಟೇಪು ಎಳೆದು ಹಿಡಿದವನು ಹಾಗೇ ನಿಂತುಬಿಟ್ಟ.

"ಇದನ್ನು ಮಾಡಿದ್ದು ಯಾರು?" ಬಾಸ್ ಪಿಸುದನಿಯಲ್ಲಿ ಕೇಳಿದ.

ನಾನು ಸಾಲುಗಳನ್ನು ಓದಿ ನೋಡಿದೆ. ಕೂಗುವವನ ಕೊನೆಯಲ್ಲಿ ಹುಡುಗಿ 'ಟ್ರೂ' ಎಂದು ಹಿಂದಿರುಗಿಸಿದ್ದಳು. ನಾನು ನೋಡಿಕೊಂಡೆ, ಇನ್ಯಾರನ್ನೂ ಎಬ್ಬಿಸಬೇಡಿ. ಬೀಳಿಸುವವನು, ಓಡಿಸುವವನು, ಬರೆಯುವವನು ಬೆಳಿಗ್ಗೆಯಿಂದ ನಿದ್ದೆಯಲ್ಲಿದ್ದರು.

"ಕೆಲಸ ಮುಗಿದ ಮೇಲೆ 'ಆಯ್ತು' ಹೇಳ್ದೇ ಹೋಗೋದು ಮ್ಯಾನರ್ಸ್ ಅಲ್ಲ ಅಲ್ವಾ ಕಾಕಾ?" ಅಂದಳು ಹುಡುಗಿ.

"ಎಷ್ಟು ಸಾಲು ತಿದ್ದಬೇಕು?" ಅಂದ ಬಾಸ್.

"ಒಂದು ಪದ" ಅಂದೆ.

ಬೇರಿಂಗ್ ಅಂಗಡಿಯವನ ಟೇಪು ಆಗ ಟಪ್ಪೆಂದು ಒಳಗೆ ಸೇರಿಕೊಂಡಿತು. ಅವನು ಬಾಗಿಲ ಕಡೆ ತಿರುಗಿ ಹೇಳಿದ: "ನಮ್ಮ ಮನೆ ಮುಂದಿನ ಕರೆಂಟ್ ತಂತಿ ಮೇಲೂ ಹೀಗೇ ಇವೆ. ನಾವು ಅದಕ್ಕೆ ಆರು ಜನಕ್ಕೆ ಸಂಬಳ ಕೊಡೋದಿಲ್ಲ."

೩. ಮೌನದ ಬೆಲೆ ಉಪ್ಪಿಟ್ಟು

"ಅದೆಲ್ಲ ಇರ್ಲಿ. ಎಂತ ಕೊಟ್ರು?" ಎಂದರು ಯಜಮಾನರು.

"ಇನ್ನೂ ಸೂರತ್ತಿಗೇ ಹೋಗಿಲ್ರಿ" ಎಂದೆ.

ಟ್ರೂ ಅಲ್ಲ, ಫಾಲ್ಸ್ ಅಲ್ಲ, ಏನೂ ಹೇಳದಿದ್ದರೆ? ಹುಡುಗಿ ಒಮ್ಮೆ ಹೀಗೆ ಕೇಳಿದಳು. ಏನೂ ಹೇಳದಿದ್ದರೆ ಯಂತ್ರ ತನಗೆ ತೋಚಿದ ಅರ್ಥ ಮಾಡಿಕೊಳ್ಳುತ್ತದೆ, ಆಮೇಲೆ ದೂರುವ ಹಾಗಿಲ್ಲ ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಹುಡುಗಿಯ ಅಮ್ಮ ಅಹಮದಾಬಾದಿನ ಅವರ ಮನೆಗೆ ಊಟಕ್ಕೆ ಕರೆದರು. ಅಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೆ ಮಗಳ ಉತ್ತರ ಗುಜರಾತಿಯಲ್ಲಿ. ಇಬ್ಬರಿಗೂ ಅದು ಸಹಜ. ಸಂಜೆಯ ತಿಂಡಿಯ ಹೊತ್ತಿಗೆ ಅಮ್ಮ ಒಳಗಿನಿಂದ, "ಏನ್ ಮಾಡ್ಲೇ?" ಎಂದರು. ಮಗಳು ಫೋನಿನಿಂದ ಕಣ್ಣೆತ್ತದೆ, "ಚಾಲ್ಶೆ" ಎಂದಳು. ಏನಾದರೂ ನಡೆಯುತ್ತೆ ಅಂತ.

ಉಪ್ಪಿಟ್ಟು ಬಂತು. ಹುಡುಗಿಯ ಮುಖ ಸಣ್ಣಗಾಯಿತು.

"ಇವಳಿಗೆ ಉಪ್ಪಿಟ್ಟು ಅಂದ್ರೆ ಪ್ರಾಣ. ಚಿಕ್ಕೋಳಿದ್ದಾಗಿಂದ ದಿನಾ ಇದೇ" ಎಂದರು ಅಮ್ಮ ನನಗೆ ಬಡಿಸುತ್ತಾ.

"ನಾನು ಯಾವಾಗ ಹೇಳಿದೆ ಮಮ್ಮಿ, ಉಪ್ಪಿಟ್ಟು ಇಷ್ಟ ಅಂತ?"

"ಬೇಡ ಅಂತ ಯಾವಾಗ ಹೇಳಿದೆ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ತಟ್ಟೆಯ ಕಡೆ ನೋಡಿದೆ. ಮರುದಿನ ಆಫೀಸಿನಲ್ಲಿ ಅವಳು ತಾನು ಬರೆದ ಪ್ರತಿಯೊಬ್ಬ ಕಾವಲುಗಾರನ ಕೊನೆಗೂ ಉತ್ತರ ಸೇರಿಸಿದಳು. ಸಂಜೆ ಫೋನಿನಲ್ಲಿ ಅಮ್ಮನಿಗೆ, ಮುಂದಿನ ಭಾನುವಾರದ ತಿಂಡಿಗೆ, ಸ್ಪಷ್ಟ ಕನ್ನಡದಲ್ಲಿ, "ದೋಸೆ" ಎಂದು ಹೇಳುವುದು ಕೇಳಿಸಿತು.

೪. ಒಂದು ಪಟ, ಏಳು ವಾರಸುದಾರರು

ಆದರೆ ಅವಳು ಸೇರಿಸಿದ ಉತ್ತರ ಎಲ್ಲ ಕಡೆಯೂ 'ಫಾಲ್ಸ್'. ಒಮ್ಮೆ ಕೈ ಸುಟ್ಟುಕೊಂಡವಳು, ಯಾರೂ ಯಾರನ್ನೂ ತಡೆಯದಿರಲಿ ಎಂದುಕೊಂಡಳು. ನಾನೂ ನೋಡಲಿಲ್ಲ. ಹಾಗೇ ಸೂರತ್ತಿಗೆ ಹೋಗಿ ಮೊದಲ ಸಲ ತೋರಿಸಿದೆವು.

ಸೀರೆ ವ್ಯಾಪಾರಿಗೆ ಐವತ್ತು ದಾಟಿದೆ. ಮೂರು ಅಂತಸ್ತಿನ ಅಂಗಡಿ. ಆದರೆ ನೆಲಅಂತಸ್ತಿನ ಗಾದಿಯ ಮೇಲೆ ಕೂರುವುದು ಅವನ ತಾಯಿ. ಎಲ್ಲರೂ ಬಾ ಎನ್ನುತ್ತಾರೆ, ಗುಜರಾತಿಯಲ್ಲಿ ಅಮ್ಮ ಅಂತ. ಎಂಬತ್ತರ ಆಸುಪಾಸು, ಬಿಳಿ ಸೀರೆ, ದಪ್ಪ ಕನ್ನಡಕ. ಹುಡುಗಿಯಾಗಿದ್ದಾಗ ಇಡೀ ಬೀದಿಯ ಪಟಗಳನ್ನು ಕತ್ತರಿಸಿದವರಂತೆ. ಪರದೆಯ ಮುಂದೆ ಬಂದು ನಿಂತವರು ಮೊದಲು ಬೆರಳುಗಳಿಗೆ ಪಟ್ಟಿ ಸುತ್ತಿಕೊಂಡರು, ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಕೊಯ್ಯದ ಹಾಗೆ.

"ಬಾ, ಇದು ಗಾಜು. ದಾರ ಇಲ್ಲ" ಎಂದ ಮಗ.

"ಪಟ ಇದೆಯಲ್ಲ" ಎಂದರು ಬಾ.

ಎರಡು ನಿಮಿಷದಲ್ಲಿ ಒಂದು ಪಟ ಕತ್ತರಿಸಿದರು. ಕೂಗಿತು, ಬಿತ್ತು, ಓಣಿಯ ಏಳು ಮಕ್ಕಳು ಓಡಿದರು. ಮೊದಲನೆಯವನು ಹಿಡಿದ. ಎರಡನೆಯವನೂ ಹಿಡಿದ. ಏಳೂ ಮಕ್ಕಳು ಅದೇ ಒಂದು ಪಟವನ್ನು ತಲಾ ಒಂದೊಂದರಂತೆ ಎತ್ತಿಕೊಂಡು ಏಳು ದಿಕ್ಕಿಗೆ ಓಡಿದರು. ಆ ಮಕ್ಕಳೂ ಕಾವಲುಗಾರರೇ, ಎಲ್ಲರ ಉತ್ತರವೂ 'ಫಾಲ್ಸ್'; 'ನನಗೆ ಸಿಕ್ಕಿತು, ಇನ್ನು ಸಾಕು' ಎನ್ನುವವರೇ ಇರಲಿಲ್ಲ.

ವ್ಯಾಪಾರಿ ಬೆರಳು ಮಡಿಸಿ ಎಣಿಸಿದ. "ಒಂದು ಹಾಕಿದರೆ ಏಳು ಬರುತ್ತೆ. ಭಾಯಿ, ಇಂಥ ಧಂಧೆ ಸೂರತ್ತಲ್ಲೂ ಇಲ್ಲ. ಇದು ನಡೆಯೋದಿಲ್ಲ."

ಬಾ ಪಟ್ಟಿ ಬಿಚ್ಚುತ್ತಾ, ನಮ್ಮನ್ನು ನೋಡದೆಯೇ ಹೇಳಿದರು: "ಕೂಗೋದು ಎಲ್ಲರ ಹಕ್ಕು. ಯಾರು ಬೇಕಾದರೂ ಕೂಗಲಿ, ಕೂಗಿದ್ದಕ್ಕೆ ಪಟ ಅವನದಾಗೋದಿಲ್ಲ. ಹಿಡಿದವನು ಮಾತ್ರ 'ನನ್ನದು' ಅನ್ನಬೇಕು. ಅವನು ಅಂದಮೇಲೆ ಉಳಿದವರು ಮನೆಗೆ ಹೋಗಬೇಕು. ಇಷ್ಟೂ ಗೊತ್ತಿಲ್ಲದೆ ಆಟ ಮಾಡೋಕೆ ಬಂದಿರಾ?"

ಆ ಮಾತನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ. ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಇದಕ್ಕೆ ಒಂದೊಂದು ಅಧ್ಯಾಯ ಕೊಟ್ಟಿದ್ದಾರೆ. ಹುಡುಗಿ ಅಲ್ಲೇ ನೆಲದ ಮೇಲೆ ಕೂತು ತಿದ್ದಿದಳು. ಮುಂದಿನ ಪಟಕ್ಕೆ ಒಬ್ಬನೇ ವಾರಸುದಾರ.

ಹೊರಡುವ ಹೊತ್ತಿಗೆ ಬಾ ಇನ್ನೊಂದು ತಪ್ಪು ಹುಡುಕಿದರು. ಆಟದಲ್ಲಿ ಪಕ್ಕದ ತಾರಸಿಯ ಮೇಲೆ ಪಟ ಬಿದ್ದರೆ ಆ ಮನೆಯ ಹೆಂಗಸು ಬೈಯಬೇಕು. ನಮ್ಮ ಹುಡುಗಿಯೇ ಧ್ವನಿ ಕೊಟ್ಟಿದ್ದಳು: 'ದಯವಿಟ್ಟು ನಮ್ಮ ತಾರಸಿ ಹತ್ತಬೇಡಿ.'

"ಇದು ಬೈಗುಳವೋ, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯೋ? ಫೋನು ಇಲ್ಲಿ ಕೊಡು" ಎಂದರು ಬಾ.

ಒಂದೇ ಉಸಿರಿನಲ್ಲಿ, ಒಡೆದ ಹೆಂಚಿನಿಂದ ಹಿಡಿದು ಮಕ್ಕಳ ಅಜ್ಜಂದಿರವರೆಗೆ, ಸೂರತ್ತಿನ ಅಪ್ಪಟ ಗುಜರಾತಿಯಲ್ಲಿ ಬೈದರು. ಸೀರೆ ಮಡಚುತ್ತಿದ್ದ ಸೇಲ್ಸ್‌ಮನ್‌ಗಳು ಎದ್ದು ನಿಂತರು. ಹುಡುಗಿ ಮೆಲ್ಲಗೆ, "ಬಾ, ರೆಕಾರ್ಡ್ ಆಗಿದೆಯೋ ಇಲ್ಲವೋ, ಇನ್ನೊಂದು ಸಲ..." ಎಂದಳು.

ಮಗ ಅವಳನ್ನು ತಡೆದ: "ತಂಗಿ, ಐವತ್ತು ವರ್ಷದಲ್ಲಿ ನಾನೇ ಎರಡನೇ ಸಲ ಕೇಳಿಲ್ಲ."

೫. ಕಳಿಸಲು ಮರೆತವರು

"ಇನ್ನಾದ್ರೂ ಹೇಳಿ. ಎಂತ ಕೊಟ್ರು?"

"ಈಗ ಹದಿಮೂರನೇ ತಾರೀಖು ಬಂತ್ರಿ."

ಈ ಭಾಗ ಹೇಳುವುದು ನನಗೆ ಕಷ್ಟ. ತಪ್ಪು ನನ್ನದು.

ಕಾವಲುಗಾರ ಹಿಂದಿರುಗಿಸುವ ಉತ್ತರದ ಮಾತಾಯಿತು. ಕಾವಲುಗಾರನನ್ನು ನೇಮಿಸುವಾಗಲೂ ಒಂದು ಉತ್ತರ ಬರುತ್ತದೆ. ಕೋಟು ಒಪ್ಪಿಸಿದಾಗ ಟೋಕನ್ ಕೊಡುವ ಹಾಗೆ, ಯಂತ್ರ ನಮ್ಮ ಕೈಗೊಂದು ಚೀಟಿ ಕೊಡುತ್ತದೆ. ಅವನ ಕೆಲಸ ಮುಗಿದ ಮೇಲೆ ಕಳಿಸಬೇಕಾದರೆ ಆ ಚೀಟಿ ತೋರಿಸಬೇಕು. ಚೀಟಿ ಕಳೆದರೆ ಅವನು ಹೋಗುವುದಿಲ್ಲ. ಕಣ್ಣಿಗೂ ಕಾಣುವುದಿಲ್ಲ. ಕೂತಲ್ಲೇ ಕೂತಿರುತ್ತಾನೆ.

ಉತ್ತರಗಳ ಬಗ್ಗೆ ಎರಡು ತಿಂಗಳು ಎಲ್ಲರಿಗೂ ಪಾಠ ಹೇಳಿದ ನಾನು, ಬಾ ಅವರ ಧ್ವನಿಯಲ್ಲಿ ಬೈಯುವ ಆ ಹೆಂಗಸಿನ ಕಾವಲನ್ನು ಬರೆಯುವಾಗ ಚೀಟಿಯನ್ನು ಎತ್ತಿಡಲೇ ಇಲ್ಲ. ಅಭ್ಯಾಸವೇ ಇರಲಿಲ್ಲ. ಹಿಂದಿನ ಸಂಸ್ಥೆಯಲ್ಲಿ ನಾನು ಕೂರಿಸಿದ ಕಾವಲುಗಾರರೆಲ್ಲ ಉಪಗ್ರಹ ಸಾಯುವವರೆಗೆ ಕೂತಿರುವವರು. ಅಲ್ಲಿ ನೇಮಕ ಉಂಟು, ವಜಾ ಇಲ್ಲ. ಇದು ಪ್ರೋಗ್ರಾಮಿಗೆ ಮಾತ್ರ ಹೇಳಿದ್ದಲ್ಲ.

ಇಲ್ಲಿ ಒಂದೊಂದು ಮಗು ಹೊಸದಾಗಿ ಆಡಲು ಬಂದಾಗಲೂ ಒಬ್ಬ ಹೆಂಗಸು ನೇಮಕವಾಗುತ್ತಿದ್ದಳು. ಹಿಂದಿನವಳು ಹೋಗುತ್ತಿರಲಿಲ್ಲ. ಆಫೀಸಿನಲ್ಲಿ ಒಂದೆರಡು ಸಲ ಆಡಿ ಮುಚ್ಚುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಹದಿಮೂರರಂದು ಬೆಳಿಗ್ಗೆ ಅಂಗಡಿ ತುಂಬಿತ್ತು. ಮಕ್ಕಳು ಸಾಲುಗಟ್ಟಿ ಆಡಿದರು. ಕೂಗಿತು, ಬಿತ್ತು, ಒಬ್ಬನೇ ಹಿಡಿದ. ಅದೃಷ್ಟವೋ ದುರದೃಷ್ಟವೋ, ಮಧ್ಯಾಹ್ನದವರೆಗೆ ಒಂದು ಪಟವೂ ಪಕ್ಕದ ತಾರಸಿಗೆ ಬೀಳಲಿಲ್ಲ. ಬಾಸ್ ನನ್ನ ಕಿವಿಯಲ್ಲಿ, "ಕಾಕಾ, ಕೆಳಗಿನವನಿಗೆ ಫೋನ್ ಮಾಡಿ ಟೇಪು ಒಳಗಿಡು ಅನ್ನಲಾ?" ಎಂದ.

ಆಗ ಒಂದು ಪುಟ್ಟ ಹುಡುಗಿ ಆಡಲು ಬಂದಳು. ಅವಳ ಪಟ ಕತ್ತರಿಸಿಹೋಗಿ, ತೇಲಿ, ಮೆಲ್ಲಗೆ ಪಕ್ಕದ ತಾರಸಿಯ ಮೇಲೆ ಇಳಿಯಿತು.

ನಲವತ್ತೊಂದು ಬಾ ಒಟ್ಟಿಗೆ ಬೈದರು.

ಅದನ್ನು ಹೇಗೆ ವರ್ಣಿಸಬೇಕೋ ತಿಳಿಯದು. ಒಂದು ಗಂಟಲಲ್ಲ, ಒಂದು ಬೀದಿಯೇ ಬೈದ ಹಾಗೆ. ಗಾಜಿನ ಕಪಾಟುಗಳು ನಡುಗಿದವು. ಸೀರೆ ಎದೆಗೆ ಹಿಡಿದು ನೋಡುತ್ತಿದ್ದ ಹೆಂಗಸರು ಹಾಗೇ ನಿಂತರು. ಒಬ್ಬ ಸೇಲ್ಸ್‌ಮನ್ ಗೋಡೆಗೆ ಕೈಮುಗಿದು, "ಇನ್ನು ಮಾಡಲ್ಲ ಬಾ" ಎಂದ. ಮೂರನೇ ಅಂತಸ್ತಿನಲ್ಲಿ ದೊಡ್ಡ ಗಿರಾಕಿಗಳ ಜೊತೆ ಕೂತಿದ್ದ ಮಗ, ಚಪ್ಪಲಿ ಬಿಟ್ಟು, ಮೆಟ್ಟಿಲುಗಳನ್ನು ಓಡಿ ಇಳಿದು, "ಹಾ ಬಾ, ಬಂದೆ ಬಾ, ನಾನಲ್ಲ ಬಾ" ಎನ್ನುತ್ತಾ ಗಾದಿಯ ಮುಂದೆ ಬಂದು ನಿಂತ. ಬಾ ತಮ್ಮ ಪಾಡಿಗೆ ಚಹಾ ಕುಡಿಯುತ್ತಿದ್ದರು.

ಸದ್ದು ನಿಂತಿತು. ಅವನಿಗೆ ನಡೆದದ್ದು ಅರ್ಥವಾಯಿತು. ಮುಖ ಕೆಂಪಾಯಿತು. "ಗಿರಾಕಿಗಳ ಮುಂದೆ ನನ್ನ ಮರ್ಯಾದೆ ತೆಗೆದಿರಿ. ಇದು ಆಟವಾ?" ಹುಡುಗಿ ನನ್ನ ತೋಳು ಹಿಡಿದುಕೊಂಡಳು. ಆರು ಜನರ ಕೋಣೆ ಗೋಡೌನಾಗುವುದು ನನಗೆ ಅಳತೆ ಸಮೇತ ಕಂಡಿತು. ಆದರೆ ನಿಜ ಹೇಳಬೇಕು. ಆ ಭಯದ ನಡುವೆಯೂ, ಎತ್ತಿಡದ ಒಂದು ಚೀಟಿಯಿಂದ ಒಂದು ಜಾತ್ರೆಯಷ್ಟು ತಾಯಂದಿರು ಎದ್ದು ಬಂದರಲ್ಲ ಎಂದು ನನ್ನ ಮೈ ಜುಮ್ಮೆಂದಿತ್ತು.

ನಾನು ಮುಂದೆ ಹೋದೆ. "ತಪ್ಪು ನನ್ನದು. ಇವರ್ಯಾರದೂ ಅಲ್ಲ."

ಮಗ ತಾಯಿಯ ಕಡೆ ನೋಡಿದ. "ಬಾ, ನೀನೇ ಹೇಳು. ಇಡಲಾ, ಕಿತ್ತು ಕಳಿಸಲಾ?"

ಬಾ ಉತ್ತರ ಕೊಡಲಿಲ್ಲ. ಕಪ್ಪಿನಲ್ಲಿ ಉಳಿದ ಚಹಾ ಮುಗಿಸಿದರು. ಮೌನಕ್ಕೆ ಯಾವ ಅರ್ಥವನ್ನೂ ಹಚ್ಚಬಾರದೆಂದು ನಾನು ಹುಡುಗಿಗೆ ಕಲಿಸಿದ್ದೆ. ಆ ಒಂದು ನಿಮಿಷ ಎಲ್ಲ ಅರ್ಥವನ್ನೂ ಹಚ್ಚಿದೆ. ಆಮೇಲೆ ಬಾ ಅವರ ಭುಜ ಅಲುಗತೊಡಗಿತು. ಮೊದಲು ಕೆಮ್ಮು ಎಂದುಕೊಂಡೆವು. ನಗು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅಷ್ಟು ಜನ ಎಲ್ಲಿಂದ ಬಂದರು?" ಎಂದು ನನ್ನನ್ನು ಕೇಳಿದರು.

"ನಾನೇ ಕರೆದೆ, ಬಾ. ಒಂದೊಂದು ಮಗು ಬಂದಾಗಲೂ ಒಬ್ಬರನ್ನು."

"ಎಷ್ಟು?"

"ನಲವತ್ತೊಂದು."

"ಬೆಳಿಗ್ಗೆಯಿಂದ ಕೂತಿದ್ದಾರಾ?"

"ಕೂತಿದ್ದಾರೆ. ಕಳಿಸುವ ಚೀಟಿ ನಾನು ಎತ್ತಿಡಲಿಲ್ಲ. ಈಗ ಆಟವನ್ನೇ ಒಮ್ಮೆ ನಿಲ್ಲಿಸಿದರೆ ಎಲ್ಲರೂ ಹೋಗುತ್ತಾರೆ. ಆಮೇಲೆ ಒಂದು ಸಾಲು ತಿದ್ದಿದರೆ ಮತ್ತೆ ಹೀಗಾಗುವುದಿಲ್ಲ."

"ನಿಲ್ಲು. ಆಗಲೇ ನಿಲ್ಲಿಸಬೇಡ" ಎಂದರು ಬಾ. ಗಾದಿಯಿಂದ ಕೈಯೂರಿ ಎದ್ದರು. ಮಗನಿಗೆ ಹೇಳಿದರು: "ಐವತ್ತು ವರ್ಷದಿಂದ ಈ ಅಂಗಡಿಯಲ್ಲಿ ಬೈತಿದ್ದೀನಿ. ಇವತ್ತು ಮೊದಲ ಸಲ ಎಲ್ಲರಿಗೂ ಕೇಳಿಸಿತು. ಆಟ ಇರಲಿ. ಎಲ್ಲ ಅಂಗಡಿಗೂ ಇರಲಿ." ಆಮೇಲೆ ಕಪಾಟುಗಳ ಕಡೆ ತಿರುಗಿ, ಕೈಮುಗಿದು ನಿಂತಿದ್ದ ಆ ಸೇಲ್ಸ್‌ಮನ್‌ನನ್ನು ಹತ್ತಿರ ಕರೆದು, ಕಿವಿಯಲ್ಲಿ ಏನೋ ಹೇಳಿದರು.

ಅಷ್ಟು ಹೇಳಿ ನಾನು ನೀರು ಕುಡಿದೆ. ಯಜಮಾನರ ಕಾಫಿ ಕೆನೆಗಟ್ಟಿತ್ತು. ಕಿಂಡಿಯ ಆಚೆ ಬಹಳ ಹೊತ್ತಿನಿಂದ ಯಾವ ಸದ್ದೂ ಇರಲಿಲ್ಲ.

"ಹಾಗಾದ್ರೆ ಕೋಣೆ ಉಳೀತು."

"ಉಳೀತ್ರಿ. ನಿನ್ನೆ ಕೆಳಗಿನವ ಬಂದು ಪೇಡೆ ತಿಂದು ಹೋದ."

"ನಂಗೆ ಪೇಡೆ ಬೇಡ. ನಾನು ಬೆಳಿಗ್ಗೆಯಿಂದ ಒಂದೇ ಕೇಳ್ತಾ ಇದ್ದೇನೆ ಮಾರಾಯ್ರೆ. ಕಡೆಗೆ ಎಂತ ಕೊಟ್ರು?"

"ಒಪ್ಪಿದ್ದನ್ನ ಪೂರ್ತಿ ಕೊಟ್ರು. ಅದೇ ಸಂಜಿಗೆ."

"ಮತ್ತೆ ಆ ಹುಡುಗನ ಕಿವಿಯಲ್ಲಿ ಹೇಳಿದ್ದು?"

"ಕರೆದ ಹೆಣ್ಣುಮಕ್ಕಳನ್ನ ಬರಿಗೈಲಿ ಕಳಿಸೋ ಪದ್ಧತಿ ನಮ್ಮ ಮನ್ಯಾಗಿಲ್ಲ ಅಂದ್ರಂತ. ಅವರ ಸಲುವಾಗಿ ಕೊಟ್ಟು ಕಳಿಸಿದರು. ಕರೆದವನು ನಾನೇ, ಅದಕ್ಕ ಹೊರೋದೂ ನಾನೇ ಅಂತ ಆತು. ಸೂರತ್ತಿಂದ ರೈಲಿನ್ಯಾಗ ಹೊತ್ಕೊಂಡು ಬಂದೆ. ಮನ್ಯಾಗ ಇಡಾಕ ಹೆಂಡತಿ ಒಪ್ಪಲಿಲ್ಲ."

ಯಜಮಾನರು ಮೆಲ್ಲಗೆ ಬಗ್ಗಿ ಕುರ್ಚಿಯ ಪಕ್ಕದ ಎರಡು ಗಂಟುಗಳನ್ನು ನೋಡಿದರು. ಒಂದರ ಮೂಲೆಯಿಂದ ಹಸಿರು ಅಂಚು ಇಣುಕುತ್ತಿತ್ತು.

"ಎಷ್ಟು?"

"ಒಬ್ಬೊಬ್ಬರಿಗೂ ಒಂದು. ನಲವತ್ತೊಂದು ಸೀರೆ. ಯಾರಿಗರೆ ಬೇಕೇನ್ರಿ?"

ಯಜಮಾನರು ಬಾಯಿ ತೆರೆದರು. ಅವರಿಗಿಂತ ಮೊದಲು, ಕಿಂಡಿಯ ಆಚೆಯಿಂದ, ದೋಸೆಕಲ್ಲಿನ ಮೇಲೆ ಸಟ್ಟುಗದ ಒಂದು ಪೆಟ್ಟು ಕೇಳಿಸಿತು.